ಓದಿ ಹೇಳುವ ಗಾದ್ರಮ್ಮ

ನ್ಯಾಮತಿಯಲ್ಲಿ ಅರ್ಜಿ ಬರೆಯುವವರಿಗೇನೂ ಬರವಿಲ್ಲ. ತಾಲ್ಲೂಕು ಆದ ಮೇಲಂತೂ ಕಚೇರಿಯ ಆಸುಪಾಸಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತವರೇ ಏಳೆಂಟು ಮಂದಿ. ಹೆಸರು, ಊರು, ಸರ್ವೆ ನಂಬರು ಹೇಳಿದರೆ ಸಾಕು, ಚಹಾ ಆರುವುದರೊಳಗೆ ಅಚ್ಚಾದ ಅರ್ಜಿ ಕೈಗೆ ಬರುತ್ತದೆ. ಹಾಗಿದ್ದೂ ಎಷ್ಟೋ ಜನ ಅವರನ್ನೆಲ್ಲ ದಾಟಿಕೊಂಡು, ಜಂಪಣ್ಣನ ಟೈಲರ್ ಅಂಗಡಿಯ ಮುಂದಿನ ತಗಡಿನ ನೆರಳಿಗೆ ಬಂದು, ಒಂದು ಹಳೆಯ ಮರದ ಮೇಜಿನ ಎದುರು ಸರದಿ ಹಿಡಿದು ಕೂರುತ್ತಾರೆ. ಮೇಜಿನ ಹಿಂದೆ ಕೂತಾಕೆ ಗಾದ್ರಮ್ಮ, ಜಂಪಣ್ಣನ ಹೆಂಡತಿ. ಆಕೆಗೆ ಕಂಪ್ಯೂಟರ್ ಇಲ್ಲ. ಒಂದು ನೀಲಿ ಪೆನ್ನು, ಉದ್ದನೆಯ ಬಿಳಿ ಹಾಳೆಗಳು, ಕೆಳಗಿಡಲು ಒಂದು ರಟ್ಟು. ಅಷ್ಟೇ ಬಂಡವಾಳ.

ಆಕೆಯ ಅಕ್ಷರ ದುಂಡಗಿದೆ ಎಂದು ಕೆಲವರು ಹೊಗಳುತ್ತಾರೆ, ಹೆಂಗಸರ ಕಷ್ಟ ಹೆಂಗಸಿಗೇ ತಿಳಿಯುತ್ತದೆ ಎಂದು ಕೆಲವರು. ನಿಜವಾದ ಕಾರಣ ಬೇರೆ. ಗಾದ್ರಮ್ಮ ಬರೆದದ್ದನ್ನು ಓದಿ ಹೇಳುತ್ತಾಳೆ. ಗಡಿಬಿಡಿಯಲ್ಲಿ ಗುನುಗಿ ಮುಗಿಸುವ ಓದಲ್ಲ ಅದು. ಬರೆಸಿದವರನ್ನು ಎದುರಿಗೆ ನೆಟ್ಟಗೆ ಕೂರಿಸಿ, ಮೇಷ್ಟ್ರು ಉಕ್ತಲೇಖನ ಹೇಳುವಷ್ಟು ನಿಧಾನವಾಗಿ ಒಂದೊಂದೇ ಸಾಲು ಓದುತ್ತಾಳೆ. ಪ್ರತಿ ಸಾಲಿಗೂ ಅವರು ಬಾಯಿಬಿಟ್ಟು 'ಹೌದು' ಅನ್ನಬೇಕು. 'ಹ್ಞೂಂ' ನಡೆಯುವುದಿಲ್ಲ, ತಲೆ ಆಡಿಸುವುದೂ ನಡೆಯುವುದಿಲ್ಲ. ಕೊನೆಯ ಹೌದು ಬಿದ್ದ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು. ಆಕೆ ಓದಲು ಶುರು ಮಾಡಿದ ಕೂಡಲೇ ಒಳಗೆ ಜಂಪಣ್ಣ ಹೊಲಿಗೆ ಮಷಿನ್ನಿನ ಪೆಡಲ್ಲಿನಿಂದ ಕಾಲು ತೆಗೆಯುತ್ತಾನೆ. ಹೆಂಡತಿಯ ಮೇಲಿನ ಗೌರವಕ್ಕೋ ಊರವರ ಗುಟ್ಟು ಕೇಳುವ ಆಸೆಗೋ, ಇಪ್ಪತ್ತೈದು ವರ್ಷವಾದರೂ ಅವನು ಹೇಳಿಲ್ಲ.

ಆಕೆಯ ಇನ್ನೊಂದು ಹಠ ಒಂದು ಪದದ್ದು. ದೂರು ಬರೆಸಲು ಬರುವವರಲ್ಲಿ ಹತ್ತಕ್ಕೆ ಎಂಟು ಮಂದಿಗೆ ತಮ್ಮ ಎದುರಾಳಿ ದರೋಡೆಕೋರನೇ ಆಗಬೇಕು. ಹೊನ್ನಾಳಿ ಕಡೆಯ ಒಬ್ಬರಿಗೆ ಬದುವನ್ನು ಮೊಳದಷ್ಟು ಒತ್ತಿದ ಸ್ವಂತ ಅಣ್ಣ ದರೋಡೆಕೋರ. ಸವಳಂಗದ ಒಬ್ಬಾಕೆಗೆ, ಮದುವೆಯಲ್ಲಿ ಕೊಟ್ಟ ಫ್ರಿಜ್ಜನ್ನು ತಿರುಗಿ ಕೊಡದ ಅತ್ತೆಮನೆಯವರು ದರೋಡೆಕೋರರು. ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯಿಂದ ಎರಡು ಬಸ್ಸು ಬದಲಿಸಿ ಬಂದ ಮುದುಕರೊಬ್ಬರು ಬಾಳೆತೋಟಕ್ಕೆ ನುಗ್ಗುವ ಮಂಗಗಳ ಮೇಲೆ ಅರ್ಜಿ ಬರೆಸಿದರು. ಅದರಲ್ಲೂ 'ಈ ಡಕಾಯಿತರ ಗುಂಪು' ಎಂದೇ ಬರೆಯಬೇಕೆಂದು ಪಟ್ಟು ಹಿಡಿದರು. ಮಂಗಗಳ ವಿಷಯದಲ್ಲಿ ಮಾತ್ರ ಗಾದ್ರಮ್ಮ ಒಪ್ಪಿಕೊಂಡಳು, ಏಕೆಂದರೆ ಅವು ಐದಕ್ಕಿಂತ ಹೆಚ್ಚಿದ್ದವು.

ಈ ಐದರ ಲೆಕ್ಕ ಆಕೆ ತಾನೇ ಕಟ್ಟಿಕೊಂಡದ್ದಲ್ಲ, ಕಾನೂನಿನದು. ಒಪ್ಪಿಗೆಯಿಲ್ಲದೆ ಒಯ್ದರೆ ಕಳ್ಳತನ. ಹೆದರಿಸಿ ಕಿತ್ತುಕೊಂಡರೆ ಸುಲಿಗೆ. ಐದು ಜನ ಅಥವಾ ಅದಕ್ಕೂ ಹೆಚ್ಚು ಜನ ಸೇರಿ ಹಾಗೆ ಮಾಡಿದರೆ ಮಾತ್ರ ಅದು ದರೋಡೆ, ಮತ್ತು ದರೋಡೆ ಎಂದು ದಾಖಲಾದರೆ ಜಾಮೀನಿಗೆ ಅಲೆದು ಅಲೆದು ಚಪ್ಪಲಿ ಸವೆಯುತ್ತದೆ. ಆದ್ದರಿಂದ ಯಾರ ಬಾಯಿಂದ ಆ ಪದ ಬಂದರೂ ಗಾದ್ರಮ್ಮ ಮೊದಲು ಕೇಳುವ ಪ್ರಶ್ನೆ ಒಂದೇ, ಎಷ್ಟು ಜನ ಇದ್ದರು ಎಂದು. ಒಬ್ಬನೇ ಎಂದು ಅವರು ತಡವರಿಸಿದರೆ, ಹಾಗಾದರೆ ಬೈಗುಳ ನಿಮ್ಮ ಬಾಯಲ್ಲೇ ಇರಲಿ, ಕಾಗದದಲ್ಲಿ ನಡೆದದ್ದಷ್ಟೇ ಇರಲಿ ಎನ್ನುತ್ತಾಳೆ. ಬಾಯಿಮಾತಿಗೆ ಆಕೆಯ ಅಡ್ಡಿಯೇನೂ ಇಲ್ಲ. ಎದುರಿನ ಚಹಾದಂಗಡಿಯ ಹಾಲಿಗೆ ಬಾಯಿ ಹಾಕುವ ಬೆಕ್ಕಿಗೆ ಡಕಾಯಿತ ಎಂದು ಹೆಸರಿಟ್ಟವಳೇ ಆಕೆ. ಮಗಳು ಚೈತ್ರಶ್ರೀಯ ಎರಡು ವರ್ಷದ ಕೂಸು ತನ್ನ ಕನ್ನಡಕ ಕಿತ್ತುಕೊಂಡು ಓಡಿದರೆ, 'ನನ್ನ ದರೋಡೆಕೋರ' ಎಂದು ಎತ್ತಿ ಮುದ್ದಿಡುತ್ತಾಳೆ.

ಆ ಪದದ ತೂಕ ಆಕೆಗೆ ಗೊತ್ತಾದದ್ದು ಜಗಳೂರು ತಾಲ್ಲೂಕಿನ ತವರಿನಲ್ಲಿ. ಅಲ್ಲಿ ಅವರ ಮನೆಯನ್ನು ಊರವರು ಕರೆಯುವುದೇ ದಾರಿಗಳ್ಳರ ಮನೆ ಎಂದು. ಐದಾರು ತಲೆಮಾರಿನ ಹಿಂದಿನ ಅಜ್ಜನೊಬ್ಬ ಹಾದಿಯಲ್ಲಿ ಸಾಗುವ ಧಾನ್ಯದ ಬಂಡಿಗಳನ್ನು ತಡೆದು, ಚೀಲ ಇಳಿಸಿಕೊಂಡು, ಹಸಿದ ಊರಿಗೆ ಹಂಚುತ್ತಿದ್ದನಂತೆ. ಎಷ್ಟು ಚೀಲ ಇಳಿಸಿದ, ಎಷ್ಟು ಹಂಚಿದ, ಎಷ್ಟು ತಾನಿಟ್ಟುಕೊಂಡ ಎಂದು ಕೇಳಿದರೆ ಮಾತ್ರ ಮನೆಯ ಹಿರಿಯರಿಗೆ ಕಿವಿ ಮಂದವಾಗುತ್ತಿತ್ತು. ಊರ ಹೊರಗೆ ಅವನ ಹೆಸರಿನ ಒಂದು ಕಲ್ಲಿದೆ. ಆ ಮನೆಗೆ ಸೊಸೆಯಾಗಿ ಬಂದವಳು ಆ ಕಲ್ಲಿಗೆ ಕಾಯಿ ಒಡೆದ ಮೇಲೆಯೇ ಹೊಸ್ತಿಲು ದಾಟಬೇಕು. ಶಾಲೆಯಲ್ಲಿ ಯಾರ ಮನೆಯವಳು ಎಂದು ಕೇಳಿದರೆ ಹುಡುಗಿ ಗಾದ್ರಮ್ಮ ಎದೆಯುಬ್ಬಿಸಿ ದಾರಿಗಳ್ಳರ ಮನೆಯವಳು ಎನ್ನುತ್ತಿದ್ದಳು.

ಆಕೆ ಹತ್ತನೇ ತರಗತಿಯಲ್ಲಿದ್ದಾಗ ಆ ಹೆಸರೇ ಮನೆಗೆ ಮುಳುವಾಯಿತು. ಪರಸ್ಥಳದ ವ್ಯಾಪಾರಿಯೊಬ್ಬನ ಕುರಿಗಳು ಊರ ಬಯಲಿನಲ್ಲಿ ಕಳೆದುಹೋದವು. ಹುಡುಕಿಕೊಡಿ ಎಂದು ಅವನು ದೂರು ಕೊಡಲು ಹೋದ. ದೂರು ಬರೆದುಕೊಟ್ಟವನಿಗೆ ಕುರಿ ಕಳೆದ ಕಥೆ ಸಪ್ಪೆ ಎನಿಸಿತೋ ಏನೋ, ಅಲ್ಲಿ ಯಾರ್ಯಾರು ಇದ್ದರು ಎಂದು ಕೆದಕಿದ. ಹೊಲದಲ್ಲಿ ಕೆಲಸ ಮಾಡುತ್ತಿದ್ದ ಗಾದ್ರಮ್ಮನ ಅಪ್ಪ ಓಬಣ್ಣ ಮತ್ತು ಇನ್ನು ನಾಲ್ವರ ಹೆಸರು ಬಂತು. ದಾರಿಗಳ್ಳರ ಮನೆಯವನು ಎಂದು ತಿಳಿದ ಮೇಲೆ ಇನ್ನೇನು ಬೇಕು? ಐವರು ದರೋಡೆಕೋರರು ಮಚ್ಚು ತೋರಿಸಿ ಕುರಿ ಹೊಡೆದುಕೊಂಡು ಹೋದರು ಎಂದು ಬರೆದು, ಓದು ಬಾರದ ವ್ಯಾಪಾರಿಯ ಹೆಬ್ಬೆಟ್ಟು ಒತ್ತಿಸಿದ.

ಓಬಣ್ಣ ಹನ್ನೊಂದು ತಿಂಗಳು ಒಳಗಿದ್ದ. ವಿಚಾರಣೆಯ ದಿನ ಗಾದ್ರಮ್ಮ ಅವ್ವನ ಜೊತೆ ಕೋರ್ಟಿನ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ದೂರನ್ನು ಓದಿ ಹೇಳಿದಾಗ ಆ ವ್ಯಾಪಾರಿ ಕಕ್ಕಾಬಿಕ್ಕಿಯಾದ. ಮಚ್ಚು ನಾನು ನೋಡಿಲ್ಲ, ಇವರು ನನ್ನ ಕುರಿ ಮುಟ್ಟಿದ್ದೂ ನೋಡಿಲ್ಲ, ಕುರಿ ಕಳೆದಾವೆ ಎಂದಷ್ಟೇ ನಾನು ಹೇಳಿದ್ದು ಎಂದ. ಮತ್ತೆ ಹೆಬ್ಬೆಟ್ಟು ಯಾಕೆ ಒತ್ತಿದೆ ಎಂದು ಕೇಳಿದರೆ ಅವನ ಉತ್ತರ ಇಷ್ಟೇ: 'ನಂಗೆ ಯಾರೂ ಓದಿ ಹೇಳ್ಲಿಲ್ಲ ಸ್ವಾಮಿ.'

ಅಪ್ಪ ಬಿಡುಗಡೆಯಾದ. ಆದರೆ ಹೋದ ಹನ್ನೊಂದು ತಿಂಗಳಿಗೆ ಯಾರೂ ಜವಾಬು ಕೊಡಲಿಲ್ಲ. ಗಾದ್ರಮ್ಮನಿಗೆ ಸಿಟ್ಟು ಬಂದದ್ದು ವ್ಯಾಪಾರಿಯ ಮೇಲಲ್ಲ, ಆ ಬರೆದವನ ಮೇಲೆ. ಮದುವೆಯಾಗಿ ನ್ಯಾಮತಿಗೆ ಬಂದು, ಗಂಡನ ಅಂಗಡಿಯ ಮುಂದೆ ಮೊದಲ ಅರ್ಜಿ ಬರೆದ ದಿನವೇ ಆಕೆ ಅದನ್ನು ಎರಡು ಸಲ ಓದಿ ಹೇಳಿದಳು. ಅದು ಒಂದು ಪಡಿತರ ಚೀಟಿಯ ಅರ್ಜಿ. ಬರೆಸಿದ ಮುದುಕಿ, ಸಾಕು ಬಿಡವ್ವ, ಬಸ್ಸು ಹೋಗುತ್ತದೆ ಎಂದು ಗೋಗರೆದರೂ ಬಿಟ್ಟಿರಲಿಲ್ಲ.

ಹೋದ ಕಾರ್ತಿಕದ ಒಂದು ಬುಧವಾರ ಬೆಳಿಗ್ಗೆ ಗೋವಿನಕೋವಿಯ ಕೊಟ್ರಬಸಪ್ಪ ಬುಲೆಟ್ಟಿನಲ್ಲಿ ಬಂದಿಳಿದರು. ಐವತ್ತು ದಾಟಿದ, ಇಸ್ತ್ರಿ ಮುರಿಯದ ಬಿಳಿ ಅಂಗಿಯ ಮನುಷ್ಯ. ಮೆಕ್ಕೆಜೋಳದ ವ್ಯಾಪಾರದಲ್ಲಿ ಮೇಲೆ ಬಂದವರು; ಊರಿನ ಪಕ್ಕದಲ್ಲೇ ರಸ್ತೆಗೆ ಅಂಟಿದ ಹೊಲ ಇದೆ. ಜೊತೆಗೆ ಬಾಮೈದ ಪರಶುರಾಮ್. ತನಗೆ ಕಾನೂನು ಗೊತ್ತು ಎಂದು ತಾನೇ ಊರೆಲ್ಲ ಹೇಳಿಕೊಂಡು ಬಂದ ಗಿರಾಕಿ. ಕೂರುವ ಮೊದಲೇ ಅವನು, ದರೋಡೆ ಕೇಸಿನ ದೂರು ಬರೆಯಬೇಕು ಎಂದ. ಗಾದ್ರಮ್ಮ ಎಂದಿನಂತೆ ಎಷ್ಟು ಜನ ಎಂದು ಕೇಳಿದಳು. ಐದು ಎಂದ ಪರಶುರಾಮ್, ಹೇಳಿ ನಕ್ಕ. ಆ ನಗೆಯಲ್ಲೇ ಆಕೆಗೆ ತಿಳಿಯಿತು, ಇವನಿಗೆ ಐದರ ಲೆಕ್ಕ ಗೊತ್ತಿದೆ.

ನಡೆದದ್ದನ್ನು ಕೊಟ್ರಬಸಪ್ಪ ಹೇಳಿದರು. ಅವರ ಹೊಲದಲ್ಲಿ ಮೆಕ್ಕೆಜೋಳದ ಕೊಯ್ಲು ಮುಗಿದಿತ್ತು. ಕೊಯ್ಲಾದ ಹೊಲದಲ್ಲಿ ಮೆಷಿನ್ನಿನ ಬಾಯಿಗೆ ಸಿಕ್ಕದೆ ಬಿದ್ದ ತೆನೆಗಳನ್ನು ಆಯ್ದುಕೊಳ್ಳುವುದಕ್ಕೆ ಹಕ್ಕಲು ಆಯುವುದು ಎನ್ನುತ್ತಾರೆ. ಹೊಲದವರು ಕರೆಯುವುದೂ ಇಲ್ಲ, ತಡೆಯುವುದೂ ಇಲ್ಲ. ಫಸಲು ಮನೆ ಸೇರಿದ ಮೇಲೆ ನೆಲದಲ್ಲಿ ಉಳಿದದ್ದು ಆಯ್ದವರ ಪಾಲು, ಅದಕ್ಕೆ ಯಾರ ಅಪ್ಪಣೆಯೂ ಬೇಡ ಎಂಬುದು ಹಿಂದಿನಿಂದ ಬಂದ ವಾಡಿಕೆ. ಮಂಗಳವಾರ ಐವರು ಹೆಂಗಸರು ಹಾಗೆ ಆಯುತ್ತಿದ್ದಾಗ ಕೊಟ್ರಬಸಪ್ಪ ರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಯಾರನ್ನು ಕೇಳಿ ಇಳಿದಿರಿ ಎಂದು ಗದರಿದರು. ಕೂಲಿ ಮಾಡುವ ದ್ಯಾಮಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು, ಹಕ್ಕಲಿಗೆ ಅಪ್ಪಣೆ ಕೇಳಿದ್ದು ಯಾವ ಕಾಲದಲ್ಲಿ, ಬಡವರ ಬಾಯಿಗೆ ಬೀಳುವ ನಾಲ್ಕು ಕಾಳು ಕಿತ್ತುಕೊಳ್ಳುವ ನೀನೇ ದೊಡ್ಡ ದರೋಡೆಕೋರ ಎಂದುಬಿಟ್ಟಳು. ಬಸ್ಸಿಗೆ ಕಾಯುತ್ತಿದ್ದ ಹತ್ತು ಹನ್ನೆರಡು ಜನ ಕೇಳಿಸಿಕೊಂಡರು. ಒಂದಿಬ್ಬರು ನಕ್ಕರು.

ಕೊಟ್ರಬಸಪ್ಪನವರಿಗೆ ನೋವಾದದ್ದು ಆ ನಗುವಿಗೆ. ತೆನೆ ಹೋದದ್ದಕ್ಕಲ್ಲ ಎಂಬುದು ಅವರ ಮುಖ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ನನ್ನನ್ನು ದರೋಡೆಕೋರ ಎಂದವಳಿಗೆ ದರೋಡೆ ಎಂದರೇನು ಎಂದು ತೋರಿಸುತ್ತೇನೆ, ಐದೂ ಜನ ಒಳಗೆ ಹೋಗಬೇಕು ಎಂದು ಅವರ ಹಟ.

ಗಾದ್ರಮ್ಮ ಇನ್ನೂ ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ. ಬರೆಯುವುದಿಲ್ಲ ಎಂದು ಎಬ್ಬಿಸಿ ಕಳಿಸಬಹುದಿತ್ತು. ಆದರೆ ನಾಲ್ಕು ಅಂಗಡಿ ಆಚೆ ಹೋದರೆ ಹತ್ತು ನಿಮಿಷದಲ್ಲಿ ಮಚ್ಚು, ಬೆದರಿಕೆ, ಸಂಚು ಎಲ್ಲ ಸೇರಿದ ಅಚ್ಚುಕಟ್ಟಾದ ದರೋಡೆ ಅಚ್ಚಾಗಿ ಬರುತ್ತಿತ್ತು. ಹೆಂಗಸರು ಮಕ್ಕಳುಮರಿ ಬಿಟ್ಟು ಜೈಲು ಸೇರುತ್ತಿದ್ದರು, ಅಪ್ಪನ ಹಾಗೆ. ಇಲ್ಲಿ ಬರೆದರೆ ಕಡೆಯ ಪಕ್ಷ ಓದುವುದೊಂದು ಬಾಕಿ ಇರುತ್ತದೆ. ತನ್ನ ಓದಿನ ಮೇಲೆ ಆಕೆಗೆ ಗಟ್ಟಿ ನಂಬಿಕೆ. ಎಷ್ಟೋ ಜನ ತಮ್ಮ ಸುಳ್ಳಿಗೆ ತಾವೇ ಹೌದು ಅನ್ನಲಾರದೆ ಎದ್ದುಹೋದದ್ದನ್ನು ಈ ಮೇಜಿನ ಮುಂದೆ ಕಂಡಿದ್ದಳು. ಹಾಳೆ ಎಳೆದುಕೊಂಡಳು.

ಪರಶುರಾಮ್ ಹೇಳಲು ಶುರು ಮಾಡಿದ. ಆಕೆ ಅವನನ್ನು ತಡೆದು, ಅನ್ಯಾಯವಾದವರು ಹೇಳಲಿ ಎಂದಳು. ಕುಡುಗೋಲು ತೋರಿಸಿ ಬೆದರಿಸಿದರು ಎಂದು ಅವನು ಮತ್ತೆ ಬಾಯಿ ಹಾಕಿದ. ಗಾದ್ರಮ್ಮ ಕೊಟ್ರಬಸಪ್ಪನವರ ಕಡೆಗೇ ನೋಡಿ, ತೋರಿಸಿದರಾ ಎಂದು ಕೇಳಿದಳು. ಅವರು, ದ್ಯಾಮಮ್ಮನ ಸೊಂಟದಲ್ಲಿ ಇತ್ತು, ಅದನ್ನೇನೂ ಮುಟ್ಟಲಿಲ್ಲ ಎಂದರು. ಆಕೆ 'ಅವಳ ಸೊಂಟದಲ್ಲಿ ಕುಡುಗೋಲು ಇತ್ತು, ಅದನ್ನು ಅವಳು ಮುಟ್ಟಲಿಲ್ಲ' ಎಂದೇ ಬರೆದಳು. ಪರಶುರಾಮ್ ಮುಖ ಹುಳ್ಳಗೆ ಮಾಡಿಕೊಂಡ.

ಆಮೇಲೆ ಹೆಸರುಗಳು. ದ್ಯಾಮಮ್ಮ, ಅವಳ ತಂಗಿ ಓಬವ್ವ, ಪಕ್ಕದ ಓಣಿಯ ಇಬ್ಬರು. ನಾಲ್ಕಾದವು. ಐದನೆಯವಳ ಹೆಸರು ಗೊತ್ತಿಲ್ಲ ಎಂದರು. ಅವಳು ಹೊಲದ ಆ ತುದಿಯಲ್ಲಿ ಈ ಕಡೆಗೆ ಓರೆಯಾಗಿ ಬೆನ್ನು ಹಾಕಿ ಕೂತಿದ್ದಳು, ತಲೆ ಮೇಲೆ ಸೆರಗಿತ್ತು, ಎಷ್ಟು ಕೂಗಿದರೂ ತಿರುಗಲಿಲ್ಲ. ಯಾರವಳು ಎಂದು ಕೇಳಿದ್ದಕ್ಕೆ ದ್ಯಾಮಮ್ಮ ನಮ್ಮೋಳೇ ಎಂದಳೇ ಹೊರತು ಹೆಸರು ಹೇಳಲಿಲ್ಲ.

'ಹೆಸರು ತಿಳಿಯದ ಒಬ್ಬ ಹೆಂಗಸು ಅಂತ ಬರೀರಿ, ಸಾಕು,' ಎಂದ ಪರಶುರಾಮ್.

ಸಾಲದು ಎಂದಳು ಗಾದ್ರಮ್ಮ. ಐದು ಜನ ಇದ್ದರೆ ತಾನೇ ಇದು ದರೋಡೆ. ಹಾಗಿದ್ದ ಮೇಲೆ ಐದನೆಯವಳು ಯಾರು ಎಂಬುದೇ ಮುಖ್ಯ, ಹೆಸರು ಇಲ್ಲದಿದ್ದರೆ ಗುರುತಾದರೂ ಬೇಕು, ಕಂಡದ್ದನ್ನೆಲ್ಲ ಹೇಳಿ ಎಂದಳು. ಕೊಟ್ರಬಸಪ್ಪ ಕಣ್ಣು ಕಿರಿದು ಮಾಡಿ ನೆನಪಿಸಿಕೊಳ್ಳುತ್ತ ಹೇಳಿದರು. ಹೇಳುತ್ತ ಹೇಳುತ್ತ ಅವರ ಸಿಟ್ಟು ಇನ್ನೂ ಏರಿತು. ಆ ಮುದುಕಿಯ ಸೊಕ್ಕು ನೋಡಬೇಕಿತ್ತು, ನಾನು ಇಲ್ಲಿ ಅರಚುತ್ತಿದ್ದರೆ ಅವಳು ಕದ್ದ ತೆನೆಗೆ ನಮಸ್ಕಾರ ಮಾಡುತ್ತ ನನ್ನನ್ನು ಅಣಕಿಸುತ್ತಿದ್ದಳು ಎಂದರು. ಗಾದ್ರಮ್ಮ ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ ಬರೆದುಕೊಂಡಳು.

ಬರೆದು ಮುಗಿಯಿತು. ಪರಶುರಾಮ್ ಸಹಿಗೆ ಪೆನ್ನು ತೆಗೆದು ಭಾವನ ಕೈಗೆ ಕೊಟ್ಟ. ಗಾದ್ರಮ್ಮ ಹಾಳೆಯನ್ನು ತನ್ನ ಕಡೆಗೇ ಎಳೆದುಕೊಂಡು ಕನ್ನಡಕ ಸರಿ ಮಾಡಿಕೊಂಡಳು. ಒಳಗೆ ಮಷಿನ್ನಿನ ಸದ್ದು ನಿಂತಿತು. ಸರದಿಯ ಬೆಂಚಿನಲ್ಲಿದ್ದ ಮೂರು ನಾಲ್ಕು ಜನವೂ ಈ ಕಡೆ ತಿರುಗಿದರು.

'ನಾನು ಗೋವಿನಕೋವಿ ಗ್ರಾಮದ ಕೊಟ್ರಬಸಪ್ಪ. ಕೊಯ್ಲು ಮುಗಿದು ಫಸಲನ್ನು ಮನೆಗೆ ಸಾಗಿಸಿದ ಮೇಲೆ, ನನ್ನ ಹೊಲದಲ್ಲಿ ಬಿದ್ದಿದ್ದ ತೆನೆಗಳನ್ನು ಐವರು ಹೆಂಗಸರು ಆಯ್ದುಕೊಂಡರು.'

'ಹೌದು,' ಎಂದರು ಕೊಟ್ರಬಸಪ್ಪ. ತಮ್ಮ ಮಾತು ಹೀಗೆ ಕೇಳಿಸುತ್ತದೆ ಎಂದು ಅವರು ಎಣಿಸಿರಲಿಲ್ಲ. ಬೆಂಚಿನ ಮೇಲಿದ್ದ ಯಾರೋ ಕೆಮ್ಮಿದರು.

'ನಾನು ಗದರಿದಾಗ ದ್ಯಾಮಮ್ಮ ಎಂಬವಳು ನನ್ನನ್ನು ದರೋಡೆಕೋರ ಎಂದಳು. ಅವಳ ಸೊಂಟದಲ್ಲಿ ಕುಡುಗೋಲು ಇತ್ತು. ಅದನ್ನು ಅವಳು ಮುಟ್ಟಲಿಲ್ಲ.'

ಹೌದು ಎನ್ನಲು ಈ ಸಲ ಹೆಚ್ಚು ಹೊತ್ತಾಯಿತು. ಪರಶುರಾಮ್ ಮಧ್ಯೆ ಏನೋ ಹೇಳಹೋದ. ಗಾದ್ರಮ್ಮ ಅವನತ್ತ ನೋಡಲೂ ಇಲ್ಲ.

'ಐದನೆಯ ಹೆಂಗಸು ವಯಸ್ಸಾದವಳು. ಹಸಿರು ಸೀರೆ. ತಲೆಯ ಮೇಲೆ ಸೆರಗು. ಉಳಿದವರ ಹಾಗೆ ಬಗ್ಗಿ ಆಯುತ್ತಿರಲಿಲ್ಲ. ಎಡಗಾಲನ್ನು ನೆಟ್ಟಗೆ ಚಾಚಿಕೊಂಡು ನೆಲದ ಮೇಲೆ ಕೂತು, ಕೂತಲ್ಲೇ ಸರಿಯುತ್ತ ಆಯುತ್ತಿದ್ದಳು.'

ಹೌದು ಬರಲಿಲ್ಲ. ಗಾದ್ರಮ್ಮ ಕಾಯ್ದಳು. ಕೊಟ್ರಬಸಪ್ಪ ಮೇಜಿನ ಅಂಚನ್ನು ನೋಡುತ್ತ ಕೂತಿದ್ದರು. ಆಮೇಲೆ ಗಾದ್ರಮ್ಮನಿಗಷ್ಟೇ ಕೇಳಿಸುವ ಹಾಗೆ ಹೌದು ಎಂದರು.

'ಪ್ರತಿ ತೆನೆಯನ್ನೂ ಎತ್ತಿ, ಸೆರಗಿನಲ್ಲಿ ಮಣ್ಣು ಒರೆಸಿ, ಹಣೆಗೆ ಒತ್ತಿಕೊಂಡು, ಆಮೇಲೆ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಯಾರವಳು ಎಂದು ನಾನು ಕೇಳಿದ್ದಕ್ಕೆ ದ್ಯಾಮಮ್ಮ, ನಮ್ಮೋಳೇ ಎಂದಷ್ಟೇ ಹೇಳಿದಳು.'

ಗಾದ್ರಮ್ಮ ತಲೆ ಎತ್ತಿದಳು. ಎದುರಿಗಿದ್ದ ಮುಖ ಬೂದಿಯಾಗಿತ್ತು. ಇಪ್ಪತ್ತೈದು ವರ್ಷದಲ್ಲಿ ಈ ಮೇಜಿನ ಮುಂದೆ ಎಷ್ಟೋ ತರಹದ ಮುಖಗಳನ್ನು ಕಂಡಿದ್ದಳು, ಸಿಕ್ಕಿಬಿದ್ದ ಸುಳ್ಳುಗಾರರ ಮುಖ, ಅಳುವ ಮುಖ. ಇದು ಯಾವುದೂ ಅಲ್ಲ. ಆಕೆಗೂ ಅರ್ಥವಾಗಲಿಲ್ಲ.

'ಅದೊಂದು ಸಾಲು ಇನ್ನೊಂದ್ಸಲ ಓದ್ರಿ,' ಎಂದರು ಕೊಟ್ರಬಸಪ್ಪ.

ಓದಿದಳು. ಮಣ್ಣು ಒರೆಸಿ, ಹಣೆಗೆ ಒತ್ತಿಕೊಂಡು, ಮಡಿಲಿಗೆ.

ಅವರು ಜೇಬಿನಿಂದ ಫೋನು ತೆಗೆದು ಮನೆಗೆ ಹಚ್ಚಿದರು. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಹೋಯಿತು, ಅದನ್ನು ಆರಿಸುವ ಗೊಡವೆಗೂ ಅವರು ಹೋಗಲಿಲ್ಲ. ಸೊಸೆ ಸಂಧ್ಯಾರಾಣಿ ಎತ್ತಿದಳು. ನಿನ್ನೆ ಬೆಳಿಗ್ಗೆ ಅವ್ವ ಎಲ್ಲಿದ್ದಳು ಎಂದು ಕೇಳಿದರು.

'ಹೇಳಬ್ಯಾಡ ಅಂದಿತ್ತು ಮಾವ ಅಜ್ಜಿ,' ಎಂದಳು ಸಂಧ್ಯಾರಾಣಿ. 'ಮೂರು ದಿನದಿಂದ ಹಕ್ಕಲಿಗೆ ಹೋಗ್ತೈತೆ. ನಾನೇ ಸ್ಕೂಟಿಯಾಗೆ ಬಿಟ್ಟು ಬರ್ತೀನಿ. ತೆನೆ ನೆಲದ ಮ್ಯಾಲೆ ಬಿದ್ದಿದ್ರೆ ಮನೆಯಾಗೆ ಸುಮ್ನೆ ಕುಂದ್ರಾಕೆ ಆಗಲ್ಲ ಅಂತೈತೆ. ಆಯ್ದಿದ್ದನ್ನೆಲ್ಲ ದ್ಯಾಮಮ್ಮಾರಿಗೇ ಕೊಟ್ಟು ಬರ್ತೈತೆ.'

ಕೊಟ್ರಬಸಪ್ಪ ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. ಆಮೇಲೆ ಅವರೇ ಗಾದ್ರಮ್ಮನಿಗೆ ಹೇಳಿದರು, ಬೇರೆ ಯಾರಿಗೋ ಹೇಳುವ ಹಾಗೆ. ಅವ್ವನ ಹೆಸರು ಸಿದ್ದಲಿಂಗಮ್ಮ. ಎಡ ಮೊಣಕಾಲಿಗೆ ಆಪರೇಶನ್ ಆಗಿದೆ, ಮಾಡಿಸಿದ್ದು ಇವರೇ. ಹೊಲದ ಕಡೆ ಕಾಲಿಡಬೇಡ ಎಂದು ಕಟ್ಟಪ್ಪಣೆ ಮಾಡಿದ್ದೂ ಇವರೇ. ಇವರಿಗೆ ಮೂರು ವರ್ಷವಿದ್ದಾಗ ಅಪ್ಪ ತೀರಿಕೊಂಡ. ಊರಿನ ಹೊಲ ಹೊಲ ತಿರುಗಿ ಹಕ್ಕಲು ಆಯ್ದು, ಬೀಸಿ, ರೊಟ್ಟಿ ತಟ್ಟಿ ಅವ್ವ ಇವರನ್ನು ದೊಡ್ಡವರನ್ನಾಗಿ ಮಾಡಿದಳು. ಆಗಲೂ ಹಾಗೆಯೇ, ಒಂದೊಂದು ತೆನೆಯನ್ನೂ ಹಣೆಗೆ ಒತ್ತಿಕೊಂಡೇ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಚಿಕ್ಕವರಿದ್ದಾಗ ಅವ್ವನ ಬೆನ್ನಿಗೆ ಜೋತುಬಿದ್ದು ಇವರು ನೋಡುತ್ತಿದ್ದದ್ದು ಇದನ್ನೇ. ನಿನ್ನೆ ಅದನ್ನೇ ಕಂಡು, ಕಳ್ಳ ಮುದುಕಿ ನನ್ನನ್ನು ಅಣಕಿಸುತ್ತಾಳೆ ಎಂದುಕೊಂಡರು.

'ರಾತ್ರಿ ಊಟಕ್ಕೆ ಕುಂತಾಗ ಹೇಳ್ದೆ ರೀ,' ಎಂದರು. 'ಐದೂ ಜನಾನ ಜೈಲಿಗೆ ಹಾಕಿಸ್ತೀನಿ ಅಂದೆ. ಅವ್ವ ಅಲ್ಲೇ ಕುಂತಿತ್ತು. ಐದೂ ಜನಾನಾ ಅಂತ ಕೇಳ್ತು. ಒಬ್ಬಳನ್ನೂ ಬಿಡಲ್ಲ ಅಂದೆ.'

'ಆಮ್ಯಾಲೆ ಏನಂದ್ರು?' ಎಂದಳು ಗಾದ್ರಮ್ಮ.

'ಏನೂ ಅನ್ಲಿಲ್ಲ. ನನ್ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕ್ತು.'

ಆ ದೊಡ್ಡ ಮನುಷ್ಯ ಅಷ್ಟು ಜನರ ಎದುರು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು. ಯಾರೂ ನಗಲಿಲ್ಲ. ಪರಶುರಾಮ್ ಮಾತ್ರ ಇನ್ನೂ ತನ್ನ ಕಾನೂನು ಬಿಟ್ಟಿರಲಿಲ್ಲ. ನಾಲ್ಕೇ ಜನ ಎಂದು ತಿದ್ದಿಬಿಡಿ, ಸುಲಿಗೆ ಎಂದಾದರೂ ಆಗುತ್ತದೆ ಎಂದು ಮೆಲ್ಲಗೆ ಹೇಳಿದ. ಗಾದ್ರಮ್ಮನಿಗೆ ರೇಗಿತು. ಆದರೂ ದನಿ ಏರಿಸದೆ, ನೀವು ಹೇಳಿದ್ದು ಐದು, ನಾನು ಬರೆದದ್ದು ಐದು, ಓದಿದ್ದು ಐದು, 'ಐದ್ನೇರ ಹೆಸರು ಈಗ ಗೊತ್ತಾತಲ್ಲ, ಬರೀಲೇನ್ರಿ ಯಜಮಾನ್ರೇ?' ಎಂದು ಕೊಟ್ರಬಸಪ್ಪನವರನ್ನೇ ಕೇಳಿದಳು.

ಅವರು ಬೇಡ ಎಂದು ಕೈ ಆಡಿಸಿದರು. ಹಾಳೆಯನ್ನು ಎತ್ತಿಕೊಂಡು ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿಗೆ ಇಟ್ಟುಕೊಂಡರು. ಸಹಿ ಬೀಳದ ಕಾಗದಕ್ಕೆ ಗಾದ್ರಮ್ಮ ಏನೂ ತೆಗೆದುಕೊಳ್ಳುವವಳಲ್ಲ; ಅವರೂ ಎಷ್ಟು ಎಂದು ಕೇಳಲಿಲ್ಲ. ಬುಲೆಟ್ಟು ಗೋವಿನಕೋವಿಯ ಕಡೆಗೆ ಹೋಯಿತು. ಪರಶುರಾಮ್ ಹಿಂದೆ ಹತ್ತಿಕೊಳ್ಳಲು ಓಡಬೇಕಾಯಿತು. ಒಳಗಿನಿಂದ ಜಂಪಣ್ಣ ಒಂದು ಲೋಟ ಚಹಾ ತಂದು ಹೆಂಡತಿಯ ಮುಂದಿಟ್ಟ. ಆಕೆಗೆ ಅಪ್ಪ ನೆನಪಾಗಿದ್ದ. ಆ ಕುರಿ ವ್ಯಾಪಾರಿಯ ದೂರನ್ನು ಅವತ್ತು ಯಾರಾದರೂ ಹೀಗೆ ಓದಿದ್ದರೆ ಎಂದುಕೊಂಡು ಚಹಾ ಆರುವ ತನಕ ಕೂತಿದ್ದಳು.

ಮುಂದಿನ ಸೋಮವಾರ ದ್ಯಾಮಮ್ಮ ಬಂದಳು. ವಿಧವಾ ಪಿಂಚಣಿಯ ಅರ್ಜಿ ಬರೆಸುವುದಿತ್ತು. ಬರುವಾಗ ಕೈಚೀಲದಲ್ಲಿ ಮೆಕ್ಕೆಜೋಳದ ತೆನೆಗಳನ್ನು ತಂದಿದ್ದಳು, ಗೋವಿನಕೋವಿಯ ಸಿದ್ದಲಿಂಗಮ್ಮನವರು ನ್ಯಾಮತಿಯ ಓದುವ ಅವ್ವನಿಗೆ ಕೊಡು ಎಂದು ಕಳಿಸಿದ್ದು. ಅವಳೇ ಉಳಿದದ್ದನ್ನು ಹೇಳಿದಳು. ಬುಧವಾರ ಮಧ್ಯಾಹ್ನ ಕೊಟ್ರಬಸಪ್ಪ ಅವಳ ಮನೆ ಬಾಗಿಲಿಗೆ ಬಂದು ನಿಂತರಂತೆ. ಪೊಲೀಸರು ಹಿಂದೆ ಇದ್ದಾರೆ ಎಂದುಕೊಂಡು ಓಬವ್ವ ಹಿತ್ತಲಿಗೆ ಓಡಿದಳಂತೆ. ಅವರು ತಪ್ಪಾಯಿತು ಗಿಪ್ಪಾಯಿತು ಎಂದೇನೂ ಹೇಳಲಿಲ್ಲ. 'ನಾಳೆ ಹೊಲಕ್ಕೆ ಟ್ರ್ಯಾಕ್ಟರ್ ಹೊಡೆಸಲ್ಲ. ಅವ್ವ ಬರ್ತೀನಿ ಅಂತೈತೆ, ನೀವೂ ಬರ್ರಿ,' ಎಂದಷ್ಟೇ ಹೇಳಿ ಹೋದರಂತೆ. ಗುರುವಾರ ಬೆಳಿಗ್ಗೆ ಅವ್ವನನ್ನು ಬುಲೆಟ್ಟಿನ ಮೇಲೆ ಕೂರಿಸಿಕೊಂಡು ತಾವೇ ಹೊಲದ ತನಕ ಬಂದರು, ಕೂರಲು ಒಂದು ಮಣೆಯನ್ನೂ ತಂದಿದ್ದರು. ಸಿದ್ದಲಿಂಗಮ್ಮ ಮಣೆಯನ್ನು ಆಚೆ ತಳ್ಳಿ ನೆಲದ ಮೇಲೆಯೇ ಕೂತಳು.

ಗಾದ್ರಮ್ಮನಿಗೆ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅರ್ಜಿ ಬರೆದು, ಓದಿ, ಹೌದು ಅನ್ನಿಸಿ, ಹೆಬ್ಬೆಟ್ಟು ಒತ್ತಿಸಿದ ಮೇಲೆ ಕೇಳಿಯೇಬಿಟ್ಟಳು.

'ಅಲ್ಲಬೇ ದ್ಯಾಮಮ್ಮ, ಕೇಸ್ ಆಗಿದ್ರೆ ನಿಮ್ಮನ್ನೆಲ್ಲ ಒಳಗೆ ಹಾಕಿರೋರು. ಅದು ಆಯಪ್ಪನ ಅವ್ವಾನೇ ಅಂತ ಅವತ್ತೇ ಹೇಳಿದ್ರೆ ಅಲ್ಲಿಗೇ ಮುಗೀತಿತ್ತು. ಯಾಕೆ ಹೇಳ್ಲಿಲ್ಲ?'

ದ್ಯಾಮಮ್ಮ ಹೆಬ್ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಇದೂ ಒಂದು ಕೇಳುವ ಮಾತೇ ಎಂಬಂತೆ ನೋಡಿದಳು.

'ಹೇಳಬ್ಯಾಡ ಅಂದಿತ್ತು ಯಕ್ಕಾ ಆಯಮ್ಮ. ನಮ್ ಜೊತಿಗೆ ಕುಂತು ಹಕ್ಕಲು ಆಯ್ದಾಕಿ. ನಮ್ಮೋಳನ್ನ ನಾವು ಹೆಂಗೆ ಬಿಟ್ಟುಕೊಡಾನ?'

ಗಾದ್ರಮ್ಮ ಚೀಲದಿಂದ ಒಂದು ತೆನೆ ತೆಗೆದು ಮೇಜಿನ ಮೇಲೆ ರಟ್ಟಿನ ಪಕ್ಕದಲ್ಲಿ ಇಟ್ಟುಕೊಂಡಳು. ದ್ಯಾಮಮ್ಮ ಬಸ್ಸಿನ ಹೊತ್ತಾಯಿತೆಂದು ಹೋದಳು. ಬೆಂಚಿನಿಂದ ಮುಂದಿನವನು ಎದ್ದು ಬಂದ. ಸ್ಟೂಲನ್ನು ಎಳೆದುಕೊಳ್ಳುವ ಮೊದಲೇ, ತನ್ನ ಪಕ್ಕದ ಮನೆಯವನಷ್ಟು ದೊಡ್ಡ ದರೋಡೆಕೋರ ಈ ಜಿಲ್ಲೆಯಲ್ಲೇ ಇಲ್ಲ ಎಂದು ಶುರು ಮಾಡಿದ.

ಗಾದ್ರಮ್ಮ ಕನ್ನಡಕ ಒರೆಸಿ ಹಾಕಿಕೊಂಡಳು.

'ಎಷ್ಟು ಜನ ಇದ್ರು?' ಎಂದಳು.